ರೆಂಚು ಹಿಡಿಯುವ ಕೈಗೂ ಬಯಾಲಜಿ ಬೇಕು

ಪ್ರತಿ ವರ್ಷ ಪಿಯುಸಿ ರಿಸಲ್ಟ್ ಬಂದ ವಾರ ನನ್ನ ಫೋನಿಗೆ ಬಿಡುವೇ ಇರುವುದಿಲ್ಲ. ಊರಿನ ಕಡೆಯ ಮಕ್ಕಳು, ಅವರ ಅಪ್ಪ ಅಮ್ಮಂದಿರು ವಿಮಾನ ರಿಪೇರಿ ಕೋರ್ಸಿನ ಬಗ್ಗೆ ಕೇಳಲು ಕರೆ ಮಾಡುತ್ತಾರೆ. ಫೀಸು ಎಷ್ಟಾಗುತ್ತೆ, ಕೆಲಸ ಸಿಗುತ್ತಾ, ಹೆಣ್ಣುಮಕ್ಕಳಿಗೆ ಆಗುತ್ತಾ? (ಖಂಡಿತ ಆಗುತ್ತದೆ. ನಮ್ಮ ಶಿಫ್ಟಿನಲ್ಲೇ ಇದ್ದಾರೆ, ಚೆನ್ನಾಗಿ ಕೆಲಸ ಮಾಡುತ್ತಾರೆ.) ಮಾತು ಮುಗಿಯುವ ಹೊತ್ತಿಗೆ ಯಾರಾದರೂ ಒಬ್ಬರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ: "ಅಣ್ಣಾ, ನಾನು ಪಿಸಿಎಂಬಿ. ಎರಡು ವರ್ಷ ಬಯಾಲಜಿ ಓದಿದ್ದು ಸುಮ್ನೆ ವೇಸ್ಟ್ ಆಯ್ತಲ್ವಾ?"

ನಿಯಮ ನೋಡಿದರೆ ಹಾಗೇ ಅನ್ನಿಸುತ್ತದೆ. ಎಎಂಇ, ಅಂದರೆ ಏರ್‌ಕ್ರಾಫ್ಟ್ ಮೆಂಟೆನೆನ್ಸ್ ಎಂಜಿನಿಯರಿಂಗ್ ಸೇರಲು ದೇಶದ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ಕೇಳುವುದು ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್. ಬಯಾಲಜಿ ಅಂಕವನ್ನು ಯಾರೂ ತಿರುಗಿಯೂ ನೋಡುವುದಿಲ್ಲ. ನಾನೂ ಪಿಸಿಎಂಬಿ ಓದಿ ಈ ಕಡೆ ಬಂದವನೇ. ಮೆಡಿಕಲ್ ಆದರೂ ಸರಿ, ಎಂಜಿನಿಯರಿಂಗ್ ಆದರೂ ಸರಿ ಎಂದು ಮನೆಯಲ್ಲಿ ಆ ಕಾಂಬಿನೇಷನ್ ಕೊಡಿಸಿದ್ದರು. ಆದರೆ ಹ್ಯಾಂಗರಿನಲ್ಲಿ, ಅಂದರೆ ವಿಮಾನ ರಿಪೇರಿಯ ದೊಡ್ಡ ಶೆಡ್ಡಿನಲ್ಲಿ, ಇಷ್ಟು ವರ್ಷ ಕಳೆದ ಮೇಲೆ ನನಗೆ ಒಂದು ಮಾತು ಗಟ್ಟಿಯಾಗಿದೆ. ಈ ಕೆಲಸಕ್ಕೆ ಬರುವ ಪ್ರತಿ ವಿದ್ಯಾರ್ಥಿಗೂ ಒಂದಿಷ್ಟು ಜೀವಶಾಸ್ತ್ರ ಬೇಕು, ಅದೂ ಲ್ಯಾಬ್ ಸಮೇತ ಬೇಕು. ಫೋನಿನಲ್ಲಿ ಐದು ನಿಮಿಷದಲ್ಲಿ ಹೇಳಿ ಮುಗಿಸಲಾಗದ್ದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಕೋರ್ಸಿನ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಜೆಟ್ ವಿಮಾನಗಳ ಎಂಜಿನ್, ಬಾಡಿ, ಹೈಡ್ರಾಲಿಕ್ಸ್ ಕಡೆ ಹೋಗುವವರು ಬಿ1.1 ಲೈಸೆನ್ಸಿಗೆ ಓದುತ್ತಾರೆ. ವಿದ್ಯುತ್ ಮತ್ತು ಎಲೆಕ್ಟ್ರಾನಿಕ್ಸ್ ಕಡೆಯವರು ಬಿ2ಗೆ. ಡಿಜಿಸಿಎಯ ಕಾರ್-147 ಎಂಬ ನಿಯಮದಡಿ ಅನುಮೋದನೆ ಇರುವ ಕಾಲೇಜಿನಲ್ಲಿ ಬಿ1.1ಗೆ 2400 ಗಂಟೆಗಳ ಪಾಠ ಮತ್ತು ವರ್ಕ್‌ಶಾಪ್ ಇರುತ್ತದೆ. ಒಂದೊಂದು ವಿಷಯಕ್ಕೂ ಒಂದೊಂದು ಮಾಡ್ಯೂಲ್. ಗಣಿತದಿಂದ ಶುರುವಾಗಿ ಲೋಹ, ಬೋಲ್ಟು, ವಾಯುಬಲ ವಿಜ್ಞಾನ, ಕಾನೂನು, ಟರ್ಬೈನ್ ಎಂಜಿನ್ ತನಕ ಹೋಗುತ್ತದೆ. ಪಾಸಾಗಲು ಪ್ರತಿ ಮಾಡ್ಯೂಲಿನಲ್ಲೂ ನೂರಕ್ಕೆ 75 ಬೇಕು. ಪಿಯುಸಿಯಲ್ಲಿ ಇದರ ಅರ್ಧಕ್ಕಿಂತ ಕಡಿಮೆ ಅಂಕಕ್ಕೇ ಪಾಸು ಎಂದು ಅಭ್ಯಾಸವಾದವರಿಗೆ ಇದು ಮೊದಲ ಏಟು.

ವರ್ಕ್‌ಶಾಪಿನಲ್ಲಿ ಮೊದಲು ಕೈಗೆ ಬರುವುದು ವಿಮಾನದ ಭಾಗ ಅಲ್ಲ. ಒಂದು ಕಬ್ಬಿಣದ ತುಂಡು, ಒಂದು ಅರ. ಅದನ್ನು ಸಮತಟ್ಟಾಗಿ ಉಜ್ಜಬೇಕು. ಉಜ್ಜಿದ ಮೇಲೆ ಟ್ರೈ ಸ್ಕ್ವೇರ್ ಎಂಬ ಮೂಲೆಮಟ್ಟ ಇಟ್ಟು ಕಿಟಕಿಯ ಬೆಳಕಿಗೆ ಹಿಡಿದು ನೋಡಬೇಕು. ಸಂದಿಯಲ್ಲಿ ಬೆಳಕಿನ ಗೆರೆ ಕಂಡರೆ ಮತ್ತೆ ಉಜ್ಜಬೇಕು. ಆಮೇಲೆ ಲಾಕ್‌ವೈರ್. ಬೋಲ್ಟು ಸಡಿಲವಾಗದಂತೆ ತಂತಿ ಹೆಣೆಯುವ ಕೆಲಸ ಅದು. ಒಂದು ಇಂಚಿಗೆ ಆರರಿಂದ ಎಂಟು ತಿರುವು ಬರಬೇಕು, ತಂತಿಯ ಎಳೆತ ಬೋಲ್ಟು ಬಿಗಿಯಾಗುವ ದಿಕ್ಕಿಗೇ ಇರಬೇಕು. ಬೆರಳ ತುದಿಯಲ್ಲಿ ಸಣ್ಣ ಸಣ್ಣ ಗಾಯ ಆಗುತ್ತವೆ. ಅದು ಎಲ್ಲರಿಗೂ ಆಗುವಂಥದ್ದೇ.

ಇದರ ನಡುವೆ ಒಂಬತ್ತನೇ ಮಾಡ್ಯೂಲ್ ಬರುತ್ತದೆ. ಹೆಸರು ಹ್ಯೂಮನ್ ಫ್ಯಾಕ್ಟರ್ಸ್. ಸಿಲಬಸ್ ತೆಗೆದು ನೋಡಿ. ಕಣ್ಣು, ಕಿವಿ, ಗಮನ, ನೆನಪು, ನಿದ್ದೆ, ಆಯಾಸ, ಶಿಫ್ಟ್ ಕೆಲಸ, ಮದ್ಯ, ಮಾತ್ರೆ, ಹೊಗೆ, ಸೆಕೆ, ಇಕ್ಕಟ್ಟಾದ ಜಾಗ. ಇಡೀ ಕೋರ್ಸಿನಲ್ಲಿ ಜೀವಂತ ದೇಹದ ಮಾತು ಬರುವುದು ಇಲ್ಲಿ ಮಾತ್ರ. ಹೆಚ್ಚಿನ ಹುಡುಗರು ಇದನ್ನು ಹಗುರವಾದ ಮಾಡ್ಯೂಲ್ ಅಂದುಕೊಳ್ಳುತ್ತಾರೆ. "ಒಂಬತ್ತು ಬಿಡು, ವಾರ ಓದಿದ್ರೆ ಆಗುತ್ತೆ" ಎಂಬ ಮಾತು ಪ್ರತಿ ಹಾಸ್ಟೆಲಿನಲ್ಲೂ ಕೇಳುತ್ತದೆ. ಹಳೆಯ ಪ್ರಶ್ನೆಗಳ ಜೆರಾಕ್ಸ್ ಹಿಡಿದು ಎ, ಬಿ, ಸಿ ಬಾಯಿಪಾಠ ಮಾಡಿ ಪಾಸಾಗುತ್ತಾರೆ. ಲ್ಯಾಬ್ ಇಲ್ಲ, ತೋರಿಸುವ ವಸ್ತು ಇಲ್ಲ. ನನಗೆ ನಿಜವಾಗಿಯೂ ಬೇಸರ ತರುವುದು ಇದೇ.

ಈಗ ವಿಮಾನದ ರೆಕ್ಕೆಯೊಳಗೆ ಹೋಗೋಣ. ದೊಡ್ಡ ವಿಮಾನಗಳಲ್ಲಿ ರೆಕ್ಕೆಯೇ ಇಂಧನದ ಟ್ಯಾಂಕು. ಮೇಲೆ ಹಾರುವಾಗ ಹೊರಗಿನ ಚಳಿ ಸೊನ್ನೆಗಿಂತ ಐವತ್ತು ಡಿಗ್ರಿಯಷ್ಟು ಕೆಳಗಿರುತ್ತದೆ. ರೆಕ್ಕೆಯೂ ಒಳಗಿನ ಇಂಧನವೂ ತಣ್ಣಗಾಗಿಬಿಡುತ್ತವೆ. ಹಾಗೇ ಮಳೆಗಾಲದ ಮಂಗಳೂರಿಗೆ ಇಳಿದರೆ ಏನಾಗುತ್ತದೆ? ಟ್ಯಾಂಕಿನ ಉಸಿರಾಟದ ಕಿಂಡಿಗಳಿಂದ ತೇವದ ಗಾಳಿ ಒಳಗೆ ನುಗ್ಗುತ್ತದೆ. ತಣ್ಣನೆಯ ಗೋಡೆಗೆ ತಾಗಿ ನೀರಾಗುತ್ತದೆ. ಜೆಟ್ ಇಂಧನ ಲೀಟರಿಗೆ ಸುಮಾರು 800 ಗ್ರಾಂ ತೂಗುತ್ತದೆ, ನೀರು ಒಂದು ಕಿಲೋ. ಹಾಗಾಗಿ ನೀರು ಕೆಳಗಿಳಿದು ಟ್ಯಾಂಕಿನ ತಗ್ಗಿನಲ್ಲಿ ನಿಲ್ಲುತ್ತದೆ.

ಆ ನೀರನ್ನು ತೆಗೆಯುವ ಕೆಲಸಕ್ಕೆ ಸಂಪ್ ಡ್ರೈನ್ ಅನ್ನುತ್ತೇವೆ. ವಿಮಾನ ರಾತ್ರಿಯೆಲ್ಲ ಅಲ್ಲಾಡದೆ ನಿಂತಿರುವಾಗ, ಇಂಧನ ತುಂಬುವ ಮುಂಚೆ, ನೀರೆಲ್ಲ ತಳಕ್ಕೆ ಕೂತ ಮೇಲೆ ಮಾಡಿದರೆ ಒಳ್ಳೆಯದು. ರೆಕ್ಕೆಯ ಕೆಳಗೆ ಮೊಣಕಾಲೂರಿ ಕೂತು ಡ್ರೈನ್ ವಾಲ್ವನ್ನು ಮೇಲಕ್ಕೆ ಒತ್ತಬೇಕು. ಗಾಜಿನ ಜಾರಿಗೆ ಇಂಧನ ಇಳಿಯುತ್ತದೆ. ಜಾರನ್ನು ಒಂದು ಸುತ್ತು ತಿರುಗಿಸಿ ಬಿಟ್ಟು ನೋಡಬೇಕು. ಚೆನ್ನಾಗಿರುವ ಇಂಧನ ನಸು ಹಳದಿ, ತಿಳಿಯಾಗಿ ಹೊಳೆಯುತ್ತದೆ. ನೀರಿದ್ದರೆ ತಳದಲ್ಲಿ ಬೇರೆ ಪದರ ಕಾಣುತ್ತದೆ. ಕೆಲವು ಸಲ ಆ ಎರಡು ಪದರಗಳ ಗಡಿಯಲ್ಲಿ ಕಂದು ಬಣ್ಣದ, ಲೋಳೆಯಂಥ ಚೂರುಗಳು ತೇಲುತ್ತವೆ. ಜಾರು ಅಲ್ಲಾಡಿಸಿದರೆ ಕರಗುವುದಿಲ್ಲ, ಎಳೆ ಎಳೆಯಾಗಿ ಬಿಚ್ಚಿಕೊಂಡು ಮತ್ತೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹೊಸಬರು ಅದನ್ನು ಕೊಳೆ ಅಂದುಕೊಳ್ಳುತ್ತಾರೆ, ರಬ್ಬರಿನ ಚೂರು ಅಂದುಕೊಳ್ಳುತ್ತಾರೆ.

ಅದು ಬದುಕಿರುವ ವಸ್ತು. ಶಿಲೀಂಧ್ರ. ಹೆಸರು ಅಮಾರ್ಫೊಥೀಕಾ ರೆಸಿನೇ, ಹಲವು ಪುಸ್ತಕಗಳಲ್ಲಿ ಹಾರ್ಮೊಕೋನಿಸ್ ರೆಸಿನೇ ಎಂಬ ಹಳೆಯ ಹೆಸರೇ ಇದೆ. ಇಂಧನದಲ್ಲಿರುವ ಕಾರ್ಬನ್ ಸರಪಳಿಯೇ ಅದಕ್ಕೆ ಊಟ. ಆದರೆ ಬರೀ ಇಂಧನದಲ್ಲಿ ಅದು ಬೆಳೆಯಲಾರದು, ನೀರೂ ಬೇಕು. ಅದಕ್ಕೇ ಗಡಿಯಲ್ಲಿ ಮನೆ ಮಾಡುತ್ತದೆ. ಮೇಲಿನಿಂದ ಊಟ, ಕೆಳಗಿನಿಂದ ನೀರು. ಬೆಳೆಯುತ್ತಾ ಹೋದಂತೆ ಫಿಲ್ಟರ್ ಕಟ್ಟುತ್ತದೆ. ಇಂಧನದ ಅಳತೆ ಹೇಳುವ ಪ್ರೋಬ್‌ಗೆ ಮೆತ್ತಿಕೊಂಡರೆ ಕಾಕ್‌ಪಿಟ್ಟಿನಲ್ಲಿ ತಪ್ಪು ಲೆಕ್ಕ ಬರುತ್ತದೆ. ಅದು ಬಿಡುವ ಆಮ್ಲಗಳು ಟ್ಯಾಂಕಿನ ಒಳಲೇಪ ತಿಂದು ಅಲ್ಯುಮಿನಿಯಂಗೆ ಕೈ ಹಾಕುತ್ತವೆ. ರೆಕ್ಕೆಯ ಅಲ್ಯುಮಿನಿಯಂ ಅಂದರೆ ವಿಮಾನವನ್ನು ಹೊತ್ತು ನಿಲ್ಲಿಸುವ ಲೋಹ.

ಪ್ರಥಮ ಪಿಯುಸಿಯಲ್ಲಿ ಬ್ರೆಡ್ಡಿನ ಮೇಲಿನ ಬೂಸ್ಟು, ರೈಜೋಪಸ್, ಓದಿದ್ದು ನೆನಪಿದೆಯಾ? ಒದ್ದೆ ಬ್ರೆಡ್ಡನ್ನು ಡಬ್ಬಿಯಲ್ಲಿ ಮುಚ್ಚಿಟ್ಟು, ನಾಲ್ಕು ದಿನ ಬಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿದವರಿಗೆ ಈ ಕಂದು ಲೋಳೆಯ ಕತೆ ಒಂದೇ ನಿಮಿಷದಲ್ಲಿ ಅರ್ಥವಾಗುತ್ತದೆ. ಬೀಜಕಣ ಎಲ್ಲೆಲ್ಲೂ ಇದೆ, ಅದನ್ನು ತಡೆಯಲು ಆಗುವುದಿಲ್ಲ. ನೀರು ತಡೆಯಬಹುದು. ದಿನದ ಸಂಪ್ ಡ್ರೈನ್ ಯಾಕೆ ಅಷ್ಟು ಮುಖ್ಯ ಎಂದು ಅವರಿಗೆ ಯಾರೂ ಗದರಿ ಹೇಳಬೇಕಾಗಿಲ್ಲ. ಬಯಾಲಜಿ ಓದದೆ ಬಂದವರಿಗೆ ಅದು ಮಾಡಬೇಕಾದ ಕೆಲಸಗಳ ಪಟ್ಟಿಯ, ಟಾಸ್ಕ್ ಕಾರ್ಡಿನ, ಒಂದು ಸಾಲು. ಚಳಿಯಲ್ಲಿ, ಮಳೆಯಲ್ಲಿ, ಬೆಳಗಿನ ಜಾವ ನಿದ್ದೆಗಣ್ಣಿನಲ್ಲಿ, ಬರೀ ಸಾಲಾಗಿ ಉಳಿದ ಕೆಲಸದ ಮೇಲೆ ಮನಸ್ಸು ನಿಲ್ಲುವುದು ಕಷ್ಟ.

ಬೆಳೆದುಬಿಟ್ಟ ಮೇಲೆ ಜೀವನಾಶಕ ಹಾಕಬೇಕಾಗುತ್ತದೆ. ಅಲ್ಲಿ ಇನ್ನೊಂದು ಅಪಾಯ ಇದೆ. 2020ರ ಫೆಬ್ರವರಿ 26ರಂದು ಲಂಡನ್ನಿನ ಗ್ಯಾಟ್ವಿಕ್‌ನಿಂದ ಹೊರಟ ಒಂದು ಎ321 ವಿಮಾನದ ಎಂಜಿನ್ ಮೇಲೇರುವಾಗಲೇ ಬಡಬಡಿಸಿತು. ಪೈಲಟ್‌ಗಳು ಮೇಡೇ ಎಂದು ಅಪಾಯದ ಕರೆ ಕೊಟ್ಟು ತಿರುಗಿ ಬಂದು ಇಳಿಸಿದರು. ಬ್ರಿಟನ್ನಿನ ತನಿಖಾ ಸಂಸ್ಥೆ ಎಎಐಬಿ ಕಾರಣ ಹುಡುಕಿತು. ಅದಕ್ಕೆ ಸ್ವಲ್ಪ ಮುಂಚೆ ಆ ವಿಮಾನದ ಟ್ಯಾಂಕಿಗೆ ಕ್ಯಾಥಾನ್ ಎಂಬ ಜೀವನಾಶಕ ಹಾಕಿದ್ದರು. ಹಾಕಬೇಕಾದ್ದಕ್ಕಿಂತ ಸುಮಾರು 38 ಪಟ್ಟು ಜಾಸ್ತಿ ಬಿದ್ದಿತ್ತು. ಪ್ರಮಾಣವನ್ನು ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ ಎಷ್ಟು ಭಾಗ ಎಂಬ ಲೆಕ್ಕದಲ್ಲಿ ಕೊಟ್ಟಿದ್ದರು. ಕೆಲಸ ಮಾಡಿದವರಿಗೆ ಆ ಅಳತೆಯ ಪರಿಚಯ ಇರಲಿಲ್ಲ. ಮ್ಯಾನ್ಯುಯಲ್‌ನಲ್ಲೂ ಲೆಕ್ಕ ಬಿಡಿಸಿ ಹೇಳಿರಲಿಲ್ಲ. ಅದೇ ವರ್ಷ ತಯಾರಕರು ಆ ಔಷಧಿಯನ್ನು ವಿಮಾನದ ಬಳಕೆಯಿಂದಲೇ ಹಿಂದಕ್ಕೆ ತೆಗೆದುಕೊಂಡರು.

ಹತ್ತು ಲಕ್ಷಕ್ಕೆ ನೂರು ಭಾಗ ಅಂದರೆ ಹತ್ತು ಸಾವಿರ ಲೀಟರ್ ಇಂಧನಕ್ಕೆ ಒಂದು ಲೀಟರ್. ಬಯಾಲಜಿ, ಕೆಮಿಸ್ಟ್ರಿ ಲ್ಯಾಬಿನಲ್ಲಿ ದ್ರಾವಣ ತೆಳು ಮಾಡುವುದನ್ನು ಕೈಯಾರೆ ಮಾಡಿದ ಮಕ್ಕಳಿಗೆ ಇದು ನೀರು ಕುಡಿದಷ್ಟು ಸಲೀಸು. ಆ ಎಂಜಿನಿಯರ್‌ಗಳನ್ನು ದೂರಲು ನನಗೆ ಮನಸ್ಸಿಲ್ಲ. ಅವರಿಗೆ ಯಾವ ಕಾಲೇಜೂ ಅದನ್ನು ಕಲಿಸಿರಲಿಲ್ಲ ಅಷ್ಟೇ. ಕಲಿಸಬೇಕಿತ್ತು.

ಇಂಧನ, ಶಿಲೀಂಧ್ರ ಎಲ್ಲ ಸರಿ. ಆದರೆ ಇದಕ್ಕಿಂತ ದೊಡ್ಡ ಕಾರಣ ನಮ್ಮ ದೇಹ. ವಿಮಾನ ಹಗಲು ಹಾರಿದರೆ ತಾನೇ ಕಂಪನಿಗೆ ದುಡ್ಡು. ಹಾಗಾಗಿ ರಿಪೇರಿಯ ಬಹುಪಾಲು ರಾತ್ರಿ ನಡೆಯುತ್ತದೆ. ಬೆಳಗಿನ ಜಾವ ಮೂರರಿಂದ ಐದರ ನಡುವೆ ಮೈಯ ಬಿಸಿ ದಿನದಲ್ಲೇ ಅತಿ ಕೆಳಗೆ ಇಳಿಯುತ್ತದೆ. ಗಮನ ಸಡಿಲವಾಗುತ್ತದೆ, ಕೈ ನಿಧಾನವಾಗುತ್ತದೆ, ಓದಿದ ನಂಬರ್ ತಲೆಯಲ್ಲಿ ನಿಲ್ಲುವುದಿಲ್ಲ. ಟೀ ಕುಡಿದರೆ ನಿದ್ದೆ ಮುಂದಕ್ಕೆ ಹೋದೀತು, ಒಳಗಿನ ಗಡಿಯಾರ ಮುಂದಕ್ಕೆ ಹೋಗುವುದಿಲ್ಲ.

ಆ ಗಡಿಯಾರ ಸುಮ್ಮನೆ ಹೇಳುವ ಮಾತಲ್ಲ, ಅದು ಜೀವಕೋಶದೊಳಗಿನ ವ್ಯವಸ್ಥೆ. ಅದರ ಗುಟ್ಟು ಸಿಕ್ಕಿದ್ದು ಬಾಳೆಹಣ್ಣಿನ ಸಿಪ್ಪೆಗೆ ಮುತ್ತುವ ಪುಟ್ಟ ಹಣ್ಣುನೊಣದಲ್ಲಿ. 1971ರಲ್ಲಿ ರೊನಾಲ್ಡ್ ಕೊನೋಪ್ಕಾ ಮತ್ತು ಸೀಮೋರ್ ಬೆಂಝರ್ ಒಂದು ಜೀನ್ ಕೆಟ್ಟರೆ ನೊಣದ ದಿನದ ಲೆಕ್ಕವೇ ಏರುಪೇರಾಗುತ್ತದೆ ಎಂದು ತೋರಿಸಿದರು. ಅದು ಹೇಗೆ ನಡೆಯುತ್ತದೆ ಎಂದು ಬಿಡಿಸಿದ ಜೆಫ್ರಿ ಹಾಲ್, ಮೈಕೇಲ್ ರೋಸ್‌ಬಾಶ್, ಮೈಕೇಲ್ ಯಂಗ್ ಅವರಿಗೆ 2017ರ ನೊಬೆಲ್ ಬಂತು.

ಇಲ್ಲಿ ಬೆಂಗಳೂರಿನವರು ಹೆಮ್ಮೆಯಿಂದ ಹೇಳಿಕೊಳ್ಳಬೇಕಾದ ಒಂದು ಸಂಗತಿ ಇದೆ. ಜಕ್ಕೂರು ಅಂದರೆ ನಮ್ಮ ಕಸುಬಿನವರಿಗೆ ಸರ್ಕಾರಿ ವಿಮಾನ ತರಬೇತಿ ಶಾಲೆ, ಸಣ್ಣ ವಿಮಾನಗಳು, ರನ್‌ವೇ. ಅದೇ ಜಕ್ಕೂರಿನಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವೂ ಇದೆ. ಅಲ್ಲಿನ ವಿಜ್ಞಾನಿಗಳು ಹಣ್ಣುನೊಣಗಳನ್ನು ಹಗಲು ರಾತ್ರಿ ಅನ್ನುವುದೇ ಇಲ್ಲದೆ, ಸದಾ ಬೆಳಕಿನಲ್ಲೇ, 600 ತಲೆಮಾರು ಸಾಕಿದರು. ಅಷ್ಟು ತಲೆಮಾರುಗಳಲ್ಲಿ ಒಂದು ನೊಣವೂ ಸೂರ್ಯೋದಯ ಕಂಡಿರಲಿಲ್ಲ. ಆದರೂ ಪ್ಯೂಪಾದ ಚಿಪ್ಪಿನಿಂದ ನೊಣ ಹೊರಗೆ ಬರುವ ಹೊತ್ತಿನಲ್ಲಿ ದಿನದ ತಾಳ ಹಾಗೇ ಉಳಿದಿತ್ತು. 1999ರಲ್ಲಿ ಅದನ್ನು ಪ್ರಕಟಿಸಿದರು.

ನಾನು ಇದನ್ನು ಮೊದಲ ಸಲ ಓದಿದಾಗ ಎದ್ದು ಓಡಾಡಿಬಿಟ್ಟೆ. ಆರುನೂರು ತಲೆಮಾರು ಬೆಳಕಿನಲ್ಲೇ ಇದ್ದರೂ ಹೋಗದ ತಾಳ, ಹ್ಯಾಂಗರಿನ ಮೇಲಿನ ದೀಪಗಳ ಕೆಳಗೆ ಒಂದು ವಾರ ನೈಟ್ ಶಿಫ್ಟ್ ಮಾಡಿದ ಮಾತ್ರಕ್ಕೆ ನಮ್ಮಿಂದ ಹೋಗುತ್ತದೆಯೇ? "ನನಗೆ ನೈಟ್ ಅಭ್ಯಾಸ ಆಗಿದೆ" ಎಂದು ಎದೆ ತಟ್ಟಿ ಹೇಳುವ ಹಿರಿಯರು ಪ್ರತಿ ತಂಡದಲ್ಲೂ ಇರುತ್ತಾರೆ. ಅವರ ಮೇಲೆ ನನಗೆ ಗೌರವ ಇದೆ. ಆದರೆ ನಾಲ್ಕು ಗಂಟೆಯ ಹೊತ್ತಿಗೆ ಅವರು ಬಿಗಿದ ಬೋಲ್ಟನ್ನೂ ಇನ್ನೊಬ್ಬರು ನೋಡಲೇಬೇಕು.

ಬೋಲ್ಟು ಅಂದಾಗ 1990ರ ಜೂನ್ 10 ನೆನಪಾಗುತ್ತದೆ. ಬರ್ಮಿಂಗ್‌ಹ್ಯಾಮ್‌ನಿಂದ ಸ್ಪೇನಿನ ಮಲಗಾಕ್ಕೆ ಹೊರಟ ಬ್ರಿಟಿಷ್ ಏರ್‌ವೇಸ್ 5390. ಮೇಲೆ ಹೋಗುತ್ತಿದ್ದಾಗ ಕಾಕ್‌ಪಿಟ್ಟಿನ ಎಡಗಡೆ ಗಾಜು ಕಿತ್ತು ಹೋಯಿತು. ಕ್ಯಾಪ್ಟನ್ ಅರ್ಧ ಮೈ ಹೊರಗೆ ಸೆಳೆದುಕೊಂಡು ಹೋದರು. ಸಿಬ್ಬಂದಿ ಅವರ ಕಾಲು ಹಿಡಿದುಕೊಂಡೇ ಇದ್ದರು, ಸಹ ಪೈಲಟ್ ಸೌತಾಂಪ್ಟನ್‌ನಲ್ಲಿ ಇಳಿಸಿದರು. ಎಲ್ಲರೂ ಬದುಕಿದರು, ಕ್ಯಾಪ್ಟನ್ ಕೂಡ. ಈ ಘಟನೆ ಪ್ರತಿ ಎಎಂಇ ಕ್ಲಾಸಿನಲ್ಲೂ ಹೇಳುತ್ತಾರೆ. 90 ಬೋಲ್ಟುಗಳಲ್ಲಿ 84 ಸಣ್ಣ ವ್ಯಾಸದವು, ಉಳಿದ ಆರು ಉದ್ದದಲ್ಲಿ ಗಿಡ್ಡ. ಇಷ್ಟು ಹೇಳಿ "ಪಾರ್ಟ್ ನಂಬರ್ ನೋಡಿ ಹಾಕಿ" ಎಂದು ಮುಂದಕ್ಕೆ ಹೋಗುತ್ತಾರೆ.

ನನ್ನ ಪ್ರಕಾರ ಪಾಠ ಶುರುವಾಗಬೇಕಾದ್ದೇ ಅಲ್ಲಿಂದ. ವ್ಯಾಸದ ವ್ಯತ್ಯಾಸ ಎಷ್ಟು ಗೊತ್ತಾ? ಒಂದು ಇಂಚಿನ ಸಾವಿರದಲ್ಲಿ 26 ಭಾಗ. ಮಿಲಿಮೀಟರಿನಲ್ಲಿ ಮುಕ್ಕಾಲಿಗಿಂತ ಕಡಿಮೆ. ಗಾಜು ಬದಲಾಯಿಸಿದ್ದು ರಾತ್ರಿ ಪಾಳಿಯಲ್ಲಿ, ಬೆಳಗಿನ ಜಾವ. ಬೋಲ್ಟು ಇಟ್ಟಿದ್ದ ಜಾಗದಲ್ಲಿ ಬೆಳಕು ಸಾಲದು. ಕೆಲಸ ಮಾಡಿದ ಶಿಫ್ಟ್ ಮ್ಯಾನೇಜರ್ ಹಳೆಯ ಬೋಲ್ಟಿನ ಪಕ್ಕ ಹೊಸದನ್ನು ಹಿಡಿದು ಕಣ್ಣಳತೆಯಲ್ಲೇ ಆರಿಸಿದರು. ಆ ಮ್ಯಾನೇಜರ್ ಓದಲು ಕನ್ನಡಕ ಬಳಸುವವರು, ಆ ರಾತ್ರಿ ಹಾಕಿರಲಿಲ್ಲ. ವಯಸ್ಸಾದಂತೆ ಕಣ್ಣಿನ ಮಸೂರ ಗಟ್ಟಿಯಾಗುತ್ತದೆ, ಹತ್ತಿರದ್ದಕ್ಕೆ ಬಾಗುವುದಿಲ್ಲ. ನಮ್ಮ ಕಡೆ ಇದಕ್ಕೆ ಚಾಳೀಸು ಅನ್ನುತ್ತಾರೆ. ಬೆಳಕು ಕಡಿಮೆಯಾದಷ್ಟೂ ಪಾಪೆ ಹಿಗ್ಗುತ್ತದೆ, ಹತ್ತಿರದ ಚಿತ್ರ ಇನ್ನೂ ಮಂಕಾಗುತ್ತದೆ. ದ್ವಿತೀಯ ಪಿಯುಸಿಯ ಫಿಸಿಕ್ಸಿನಲ್ಲಿ ಮಸೂರದ ಸೂತ್ರ ಬರೆದವರಿಗೆ, ಆ ಮಸೂರ ಮಾಂಸದ್ದಾದಾಗ ಏನಾಗುತ್ತದೆ ಎಂದು ಯಾರೋ ಕೂರಿಸಿಕೊಂಡು ಹೇಳಬೇಕು. ಹಾಗೆ ಹೇಳಿದರೆ, ಕನ್ನಡಕ ಹಾಕಿಕೊಳ್ಳಲು ಸಂಕೋಚ ಪಡುವ ನಲವತ್ತರ ಮೆಕ್ಯಾನಿಕ್ ಮುಂದೊಂದು ದಿನ ಅದನ್ನು ಟೂಲ್‌ಬಾಕ್ಸಿನಲ್ಲೇ ಇಟ್ಟುಕೊಳ್ಳುತ್ತಾನೆ.

ಕಿವಿಯ ಕತೆಯೂ ಹಾಗೇ. ಒಳಕಿವಿಯ ಶಂಖದೊಳಗೆ ಕೂದಲಿನಂಥ ತುದಿಯ ಜೀವಕೋಶಗಳಿವೆ. ಜೋರು ಸದ್ದಿಗೆ ಅವು ಸಾಯುತ್ತವೆ. ಮನುಷ್ಯನಿಗೆ ಮತ್ತೆ ಹುಟ್ಟುವುದಿಲ್ಲ. ಹಕ್ಕಿಗಳಿಗೆ ಮತ್ತೆ ಹುಟ್ಟುತ್ತವೆ! ಈ ಒಂದು ಮಾತು ಹೇಳಿದ ದಿನದಿಂದ ನಮ್ಮ ಟ್ರೈನಿ ಹುಡುಗರಲ್ಲಿ ಇಯರ್‌ಪ್ಲಗ್ ಮರೆಯುವವರು ಕಡಿಮೆಯಾಗಿದ್ದಾರೆ. ಕಡ್ಡಾಯ ಎಂದು ಗೋಡೆಗೆ ಅಂಟಿಸಿದ ಬೋರ್ಡಿಗಿಂತ ಇದು ಜಾಸ್ತಿ ಕೆಲಸ ಮಾಡಿತು.

ಹಕ್ಕಿಗಳ ವಿಷಯ ಬಂತಲ್ಲ. ಯಲಹಂಕದ ಸುತ್ತ ಇರುವವರಿಗೆ ಏರೋ ಇಂಡಿಯಾ ಬಂತೆಂದರೆ ಮಾಂಸದಂಗಡಿ ಬಂದ್ ಎಂಬುದು ಗೊತ್ತು. 2025ರಲ್ಲಿ ಜನವರಿ 23ರಿಂದ ಫೆಬ್ರವರಿ 17ರವರೆಗೆ, ವಾಯುನೆಲೆಯ ಸುತ್ತ 13 ಕಿಲೋಮೀಟರ್ ಒಳಗೆ ಮಾಂಸ ಮಾರಾಟ ನಿಲ್ಲಿಸಿದ್ದರು. ಅನೇಕರು ಇದನ್ನು ಬೇರೆ ಅರ್ಥದಲ್ಲಿ ತೆಗೆದುಕೊಂಡು ಜಗಳ ಮಾಡುತ್ತಾರೆ. ಇದರ ಹಿಂದೆ ಇರುವುದು ಹದ್ದು. ಬೆಂಗಳೂರಿನ ಆಕಾಶದಲ್ಲಿ ಸುತ್ತುವ ಹದ್ದುಗಳು ಬಿಸಾಡಿದ ಮಾಂಸದ ಚೂರಿಗೆ ಬರುತ್ತವೆ. ಬಿಸಿಗಾಳಿಯ ಕಂಬ ಹಿಡಿದು ಮೇಲೇರುತ್ತವೆ. ವಿಮಾನ ಇಳಿಯುವ ದಾರಿಯೂ ಅದೇ ಎತ್ತರದಲ್ಲಿ ಇರುತ್ತದೆ. 1937ರ ವಿಮಾನ ನಿಯಮಗಳ 91ನೇ ನಿಯಮ ಕೂಡ ವಿಮಾನ ನಿಲ್ದಾಣದ 10 ಕಿಲೋಮೀಟರ್ ಒಳಗೆ ಪ್ರಾಣಿ ಕಡಿಯುವುದನ್ನೂ ಕಸ ಸುರಿಯುವುದನ್ನೂ ತಡೆಯುತ್ತದೆ. ಅಂಗಡಿಯವರ ಹೊಟ್ಟೆಪಾಡಿನ ನಷ್ಟ ನಿಜ, ಅದಕ್ಕೆ ಪರಿಹಾರ ಕೊಡಬೇಕು ಎಂಬುದು ನನ್ನ ಅಭಿಪ್ರಾಯ. ವರ್ಷವಿಡೀ ಕಸ ಸರಿಯಾಗಿ ಎತ್ತಿದರೆ ಆ ಕೆಲವು ವಾರಗಳ ಬಂದ್‌ನ ಅಗತ್ಯವೂ ಕಡಿಮೆಯಾದೀತು.

ಹಕ್ಕಿ ಬಡಿದ ವಿಮಾನ ನಮ್ಮ ಹತ್ತಿರ ಬಂದಾಗ ಎಂಜಿನ್ನಿನೊಳಗೆ ಬೋರೋಸ್ಕೋಪ್ ಎಂಬ ತೆಳು ಕ್ಯಾಮೆರಾ ಕೊಳವೆ ಇಳಿಸಿ ಬ್ಲೇಡುಗಳನ್ನು ಒಂದೊಂದಾಗಿ ನೋಡುತ್ತೇವೆ. ರಕ್ತದ ಗುರುತು, ಗರಿಯ ಚೂರು ಸಿಗುತ್ತವೆ. ಬಟ್ಟೆಯಲ್ಲಿ ಒರೆಸಿ ಬಿಸಾಡಿದರೆ ಮುಗಿದು ಹೋಯಿತು. ಆದರೆ ಆ ಚೂರಿನಲ್ಲಿ ಮಾಹಿತಿ ಇದೆ. 1960ರ ಅಕ್ಟೋಬರ್ 4ರಂದು ಅಮೆರಿಕದ ಬಾಸ್ಟನ್‌ನಲ್ಲಿ ಒಂದು ಎಲೆಕ್ಟ್ರಾ ವಿಮಾನ ಏರುತ್ತಿದ್ದಂತೆ ಬಿದ್ದು 62 ಜನ ಸತ್ತರು. ಎಂಜಿನ್‌ಗಳಲ್ಲಿ ಸಿಕ್ಕ ಗರಿಯ ಚೂರುಗಳನ್ನು ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದ ಹಕ್ಕಿತಜ್ಞೆ ರಾಕ್ಸಿ ಲೇಬೋರ್ನ್ ಮೈಕ್ರೋಸ್ಕೋಪಿನಲ್ಲಿ ನೋಡಿ ಸ್ಟಾರ್ಲಿಂಗ್ ಹಕ್ಕಿ ಎಂದು ಗುರುತಿಸಿದರು. ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಹಕ್ಕಿ, ಹಿಂಡಾಗಿ ನುಗ್ಗಿತ್ತು. ಯಾವ ತೂಕದ ಹಕ್ಕಿಯನ್ನು ಎಂಜಿನ್ ತಾಳಿಕೊಳ್ಳಬೇಕು ಎಂಬ ನಿಯಮಗಳು ಗಟ್ಟಿಯಾಗಲು ಇಂಥ ಗುರುತಿಸುವ ಕೆಲಸ ಬೇಕಾಯಿತು. 2009ರಲ್ಲಿ ಹಡ್ಸನ್ ನದಿಯ ಮೇಲೆ ಇಳಿದ ಎ320ಕ್ಕೆ ಬಡಿದದ್ದು ಕೆನಡಾ ಹೆಬ್ಬಾತುಗಳು, ಅದೂ ದೂರದಿಂದ ವಲಸೆ ಬಂದವು ಎಂದು ಹೇಳಿದ್ದೂ ಅದೇ ಲ್ಯಾಬ್. ಗರಿಯೊಂದನ್ನು ಕವರಿಗೆ ಹಾಕಿ, ದಿನಾಂಕ ಬರೆದು ಇಡುವ ಮೆಕ್ಯಾನಿಕ್ ಆ ಸರಪಳಿಯ ಮೊದಲ ಕೊಂಡಿ.

ಇನ್ನು ನಮ್ಮ ಮನೆಗಳಲ್ಲೆಲ್ಲ ಇರುವ ಕುಂಬಾರ ಹುಳ. ಸ್ವಿಚ್ ಬೋರ್ಡಿನ ತೂತಿಗೆ, ಬಾಗಿಲ ಸಂದಿಗೆ ಹಸಿಮಣ್ಣು ತಂದು ಮೆತ್ತಿ ಗೂಡು ಕಟ್ಟುವ ಕಣಜ. ಅದಕ್ಕೆ ಬೇಕಾದ್ದು ಪೆನ್ಸಿಲ್ ದಪ್ಪದ ಒಂದು ತೂತು. ವಿಮಾನದ ವೇಗ ಅಳೆಯುವ ಪೀಟೋ ಟ್ಯೂಬಿನ ಬಾಯಿ ಸರಿಯಾಗಿ ಅಂಥದ್ದೇ. 1996ರ ಫೆಬ್ರವರಿ 6ರಂದು ಡೊಮಿನಿಕನ್ ಗಣರಾಜ್ಯದ ಪ್ಯೂರ್ಟೊ ಪ್ಲಾಟಾದಿಂದ ಹೊರಟ ಬಿರ್ಗೆನ್‌ಏರ್ 301 ಸಮುದ್ರಕ್ಕೆ ಬಿದ್ದು 189 ಜನ ಹೋದರು. ವಿಮಾನ ಅದಕ್ಕೆ ಮುಂಚೆ ಕೆಲವು ದಿನ ಪೀಟೋ ಕವರ್ ಇಲ್ಲದೆ ನಿಂತಿತ್ತು. ಮಣ್ಣಿನ ಗೂಡು ಕಟ್ಟುವ ಕಣಜವೇ ಟ್ಯೂಬನ್ನು ಮುಚ್ಚಿರಬೇಕು ಎಂದು ತನಿಖೆಯವರು ಅಂದಾಜು ಮಾಡಿದರು. ಆಸ್ಟ್ರೇಲಿಯಾದ ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಇಂಥದ್ದೇ ಕಣಜದ ಕಾಟ ಜಾಸ್ತಿಯಾದಾಗ ಕೀಟತಜ್ಞರು ಪೀಟೋ ಟ್ಯೂಬಿನ ಮಾದರಿಗಳನ್ನು ಇಟ್ಟು ಅವು ಎಲ್ಲಿ, ಯಾವಾಗ, ಎಷ್ಟು ಅಗಲದ ತೂತಿಗೆ ಬರುತ್ತವೆ ಎಂದು ಅಧ್ಯಯನ ಮಾಡಿದರು. ಕೆಂಪು ರಿಬ್ಬನ್ ಕಟ್ಟಿದ ಪೀಟೋ ಕವರನ್ನು ಹಾಕುವಾಗ, ತೆಗೆಯುವಾಗ ನನಗೆ ಈ ಹುಳದ ನೆನಪು ತಪ್ಪದೆ ಬರುತ್ತದೆ.

ಇಷ್ಟೆಲ್ಲ ಮಾಹಿತಿಯನ್ನು ಪುಸ್ತಕದಿಂದ ಓದಿಕೊಳ್ಳಬಹುದು, ಲ್ಯಾಬ್ ಯಾಕೆ ಎಂದು ಕೇಳಬಹುದು. ಬಯಾಲಜಿ ಲ್ಯಾಬಿನಲ್ಲಿ ನಾನು ಕಲಿತ ಮುಖ್ಯ ವಿದ್ಯೆ ನೋಡುವುದು. ಈರುಳ್ಳಿ ಸಿಪ್ಪೆಯ ಒಳಪದರವನ್ನು ಚಿಮಟದಲ್ಲಿ ಎತ್ತಿ, ಸ್ಲೈಡಿನ ಮೇಲೆ ಹರಡಿ, ಸಾಫ್ರನಿನ್ ಬಣ್ಣ ಒಂದು ಹನಿ ಬಿಟ್ಟು, ಗಾಳಿಗುಳ್ಳೆ ಬಾರದಂತೆ ಕವರ್ ಸ್ಲಿಪ್ಪನ್ನು ಓರೆಯಾಗಿ ಇಳಿಸಬೇಕು. ಮೊದಲು ಕಡಿಮೆ ಪವರಿನಲ್ಲಿ ಇಡೀ ಜಾಗ ನೋಡು, ಆಮೇಲೆ ಹೆಚ್ಚಿಗೆ ಹೋಗು. ರೆಕಾರ್ಡಿನಲ್ಲಿ ಕಂಡಷ್ಟನ್ನೇ ಬರೆ. ಶೇಡ್ ಮಾಡಬಾರದು, ಚುಕ್ಕೆ ಇಡಬೇಕು. ಹೆಸರು ಬರೆಯುವ ಗೆರೆಗಳು ಒಂದನ್ನೊಂದು ದಾಟಬಾರದು. ನಮ್ಮ ಮೇಡಂ ಪುಸ್ತಕದ ಚಿತ್ರ ನಕಲು ಮಾಡಿದವರ ಪುಟಕ್ಕೆ ಅಡ್ಡಗೆರೆ ಎಳೆದು "ನಿನ್ನ ಸ್ಲೈಡಿನಲ್ಲಿ ಇರೋದನ್ನ ಬರಿ, ಪುಸ್ತಕದಲ್ಲಿ ಇರೋದು ನನಗೆ ಗೊತ್ತು" ಅನ್ನುತ್ತಿದ್ದರು.

ಹ್ಯಾಂಗರಿನಲ್ಲಿ ವಿಶುವಲ್ ಇನ್‌ಸ್ಪೆಕ್ಷನ್ ಅಂದರೆ ಇದೇ ಕೆಲಸ. ರಿವೆಟ್ ಸಾಲಿನ ಮೇಲೆ ಟಾರ್ಚನ್ನು ನೇರವಾಗಿ ಹಿಡಿದರೆ ಏನೂ ಕಾಣುವುದಿಲ್ಲ. ಓರೆಯಾಗಿ ಹಿಡಿಯಬೇಕು. ಆಗ ಕೂದಲೆಳೆಯ ಬಿರುಕಿಗೆ ನೆರಳು ಬೀಳುತ್ತದೆ, ರಿವೆಟ್ ಸುತ್ತ ಹೊಗೆ ಹಿಡಿದಂತೆ ಕಪ್ಪು ಗೆರೆ ಕಾಣುತ್ತದೆ. ಅದು ರಿವೆಟ್ ಸಡಿಲವಾಗಿ ಉಜ್ಜಿಕೊಳ್ಳುತ್ತಿರುವ ಗುರುತು. ಅಲ್ಲಿ ಇರಬೇಕಾದ್ದನ್ನು ನೋಡಿಬಿಡುವುದು ಬಹಳ ಸುಲಭ, ಇರುವುದನ್ನು ನೋಡುವುದು ಕಷ್ಟ. ಡೆಂಟ್ ಎಲ್ಲಿದೆ, ಎಷ್ಟು ಉದ್ದ, ಎಷ್ಟು ಆಳ ಎಂದು ಡ್ಯಾಮೇಜ್ ಚಾರ್ಟಿನಲ್ಲಿ ಗುರುತು ಹಾಕುವಾಗ ಇವತ್ತಿಗೂ ನಾನು ಆ ರೆಕಾರ್ಡ್ ಬುಕ್ಕಿನ ಶಿಸ್ತಿನಲ್ಲೇ ಬರೆಯುತ್ತೇನೆ. ಮ್ಯಾಥ್ಸ್ ನನಗೆ ಲೆಕ್ಕ ಕೊಟ್ಟಿತು, ಫಿಸಿಕ್ಸ್ ಕಾರಣ ಕೊಟ್ಟಿತು. ಕಣ್ಣು ತಿದ್ದಿದ್ದು ಬಯಾಲಜಿ.

ಅಮೆರಿಕದ ಕಮ್ಯುನಿಟಿ ಕಾಲೇಜುಗಳಲ್ಲಿ ವಿಮಾನ ರಿಪೇರಿಯನ್ನು ಎರಡು ವರ್ಷದ ಡಿಗ್ರಿಯಾಗಿ ಓದುವವರು ಸಾಮಾನ್ಯ ಶಿಕ್ಷಣದ ಕೆಲವು ವಿಷಯಗಳನ್ನೂ ಮುಗಿಸಬೇಕು. ಎಷ್ಟೋ ಕಡೆ ಅದಕ್ಕೆ ಪ್ರಾಥಮಿಕ ಬಯಾಲಜಿ ತೆಗೆದುಕೊಳ್ಳಬಹುದು. ಬೆಳಿಗ್ಗೆ ಕೋಶ ವಿಭಜನೆ, ಮಧ್ಯಾಹ್ನ ರಿವೆಟ್ ಗನ್. ಅಲ್ಲಿಯೂ ಹುಡುಗರು "ಇದು ನಮಗ್ಯಾಕೆ" ಅನ್ನುತ್ತಾರಂತೆ. ಎರಡು ಕ್ಲಾಸಿನ ಮೇಷ್ಟ್ರುಗಳೂ ಒಬ್ಬರ ಪಾಠ ಇನ್ನೊಬ್ಬರು ಕೇಳದೆ ಹೋದರೆ ಹಾಗೆ ಅನ್ನಿಸುವುದು ಸಹಜವೇ. ಬಯಾಲಜಿಯವರು ಒಂದು ದಿನ ಹ್ಯಾಂಗರಿಗೆ ಬರಬೇಕು. ನಾವು ಒಂದು ದಿನ ಅವರ ಲ್ಯಾಬಿಗೆ ಹೋಗಬೇಕು.

ಬೆಂಗಳೂರಿನ ಎಎಂಇ ಕಾಲೇಜುಗಳಿಗೆ ನಾನು ಕೇಳುವುದು ಹೊಸ ಮಾಡ್ಯೂಲ್ ಅಲ್ಲ. ಸಿಲಬಸ್ ಬದಲಾಯಿಸಲು ಡಿಜಿಸಿಎ ತನಕ ಹೋಗಬೇಕು, ಅದು ದೊಡ್ಡ ದಾರಿ. ಇರುವ ಒಂಬತ್ತನೇ ಮಾಡ್ಯೂಲಿನೊಳಗೇ ಕೆಲವು ಮಧ್ಯಾಹ್ನ ಲ್ಯಾಬ್ ಮಾಡಿ. ಕತ್ತಲೆ ಕೋಣೆಯಲ್ಲಿ ಅರ್ಧ ಗಂಟೆ ಕೂರಿಸಿ, ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಎಷ್ಟು ಹೊತ್ತು ಬೇಕು ಎಂದು ಅವರೇ ಕಂಡುಕೊಳ್ಳಲಿ. ಬೇರೆ ಬೇರೆ ಬೆಳಕಿನಲ್ಲಿ ಎರಡು ಸೈಜಿನ ಬೋಲ್ಟು ಬೆರೆಸಿ ಕೊಟ್ಟು ಆರಿಸಲು ಹೇಳಿ. ಜಕ್ಕೂರಿನ ನೊಣಗಳ ಲ್ಯಾಬನ್ನು ನೋಡಲು ಅನುಮತಿ ಕೇಳಿ. ಅನುಭವಸ್ಥ ನೈಟ್ ಶಿಫ್ಟಿನವರನ್ನು ಕರೆಸಿ ಮಾತಾಡಿಸಿ.

ನಾನು ವಾರಾಂತ್ಯ ಪಾಠ ಮಾಡಲು ಹೋಗುವ ಕಡೆ ಪ್ರಾಂಶುಪಾಲರು ಒಂದಕ್ಕೆ ಒಪ್ಪಿದ್ದಾರೆ. ಹತ್ತಿರದ ಪಿಯು ಕಾಲೇಜಿನವರು ಹಳೆಯ ಮೈಕ್ರೋಸ್ಕೋಪ್ ಒಂದನ್ನು ಎರವಲು ಕೊಟ್ಟಿದ್ದಾರೆ, ಜೊತೆಗೆ ಲ್ಯಾಕ್ಟೋಫಿನಾಲ್ ಕಾಟನ್ ಬ್ಲೂ ಬಾಟಲಿ. ಶಿಲೀಂಧ್ರದ ಎಳೆಗಳು ಆ ನೀಲಿಯನ್ನು ಚೆನ್ನಾಗಿ ಹಿಡಿಯುತ್ತವೆ. ಹೋದ ಬ್ಯಾಚಿನಲ್ಲಿ ತರಬೇತಿ ವಿಮಾನದ ಹಳೆಯ ಟ್ಯಾಂಕಿನಿಂದ ತೆಗೆದ ತಳದ ನೀರಿನ ಹನಿಯೊಂದನ್ನು ಸ್ಲೈಡಿಗೆ ಹಾಕಿ ಎಲ್ಲರಿಗೂ ತೋರಿಸಿದೆವು. ಸರದಿಯಲ್ಲಿ ನಿಂತು ನೋಡಿದ ಹುಡುಗಿಯೊಬ್ಬಳು ಕಣ್ಣು ತೆಗೆಯದೆಯೇ ಕೇಳಿದಳು: "ಸರ್, ಇದು ಬೆಳೆಯೋಕೆ ಎಷ್ಟು ದಿನ ತಗೊಳ್ಳುತ್ತೆ? ಡ್ರೈನ್ ಮಾಡಿದ ಮೇಲೂ ಸ್ವಲ್ಪ ಉಳಿದಿರುತ್ತಲ್ವಾ?" ಅವಳು ಪಿಸಿಎಂಸಿ ಓದಿ ಬಂದವಳು. ಮುಂದಿನ ಬ್ಯಾಚಿಗೆ ಅದೇ ನೀರನ್ನು ಇಂಧನದ ಜೊತೆ ಮುಚ್ಚಿದ ಜಾರಿನಲ್ಲಿ ಇಟ್ಟು, ಪಕ್ಕದಲ್ಲಿ ನೀರು ತೆಗೆದ ಇನ್ನೊಂದು ಜಾರನ್ನೂ ಇಟ್ಟು, ವಾರ ವಾರ ಅಳೆಯುವ ಜವಾಬ್ದಾರಿಯನ್ನು ಅವಳಿಗೇ ವಹಿಸಿದ್ದೇವೆ.